ಎಸ್‌.ಪಿ. ರೋಡಿನ ಲೈಟು, ಮನೆಯೊಳಗಿನ ಹವಳ

ಉಪ್ಪು ನೀರಿನ ಟ್ಯಾಂಕ್ ಇಟ್ಟುಕೊಂಡವರು ಕೈ ಎತ್ತಿ ನೋಡೋಣ. ಏಳೆಂಟು ಜನ. ಸರಿ. ಇಡಬೇಕು ಅಂತ ಆಸೆಪಟ್ಟು, ಅಂಗಡಿಯಲ್ಲಿ ಲೈಟಿನ ರೇಟು ಕೇಳಿ ವಾಪಸ್ ಬಂದವರು? ನೋಡಿ, ಈಗ ಅರ್ಧ ಹಾಲ್ ಕೈ ಎತ್ತಿತು. ಇವತ್ತಿನ ಮಾತು ನಿಮಗೆ, ಹವಳಕ್ಕೆ ಅಗ್ಗದ ಲೈಟು ನಾವೇ ಮಾಡಿಕೊಳ್ಳುವುದು ಹೇಗೆ ಅಂತ.

ನನ್ನ ಟ್ಯಾಂಕು ಎರಡು ಅಡಿಯದು. 60 ಸೆಂಟಿಮೀಟರ್ ಉದ್ದ, 30 ಅಗಲ, 36 ಎತ್ತರ. ಕಲ್ಲು, ಮರಳು ಕಳೆದರೆ ಐವತ್ತು ಲೀಟರ್ ಚಿಲ್ಲರೆ ನೀರು. ಒಳಗೆ ಎರಡು ಕ್ಲೌನ್ ಮೀನು, ಒಂದು ಸಿಗಡಿ, ಒಂದಷ್ಟು ಬಸವನಹುಳು, ಉಳಿದ ಜಾಗವೆಲ್ಲ ಹವಳ. ಮೇಲೆ ನೇತಾಡುವ ಲೈಟು ನಾನೇ ಕೂಡಿಸಿದ್ದು. ಸಾಮಾನೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡಿನದು, ಒಟ್ಟು ಖರ್ಚು ಮೂರು ಸಾವಿರದ ಒಳಗೆ. ಉರಿಯಲು ಶುರುವಾಗಿ ಆರು ವರ್ಷ ಆಯಿತು.

ಮೊದಲು ನನ್ನ ದಡ್ಡತನದ ಕಥೆ ಹೇಳಿಬಿಡುತ್ತೇನೆ. ಇದಕ್ಕೂ ಮುಂಚಿನ ಟ್ಯಾಂಕಿಗೆ ನಾನು ಹಾಕಿದ್ದು ಅಗ್ಗದ ಲೈಟಲ್ಲ. ಹೊರದೇಶದ್ದು, ಕಂತಿನಲ್ಲಿ ತಗೊಂಡಿದ್ದು, ಫೋನಿನಿಂದಲೇ ಬಣ್ಣ ಬದಲಾಯಿಸುವಂಥದ್ದು. ಇಷ್ಟು ದುಡ್ಡು ಸುರಿದಿದ್ದೇನೆ, ಕಮ್ಮಿ ಯಾಕೆ ಉರಿಸಲಿ ಅಂತ ನೂರಕ್ಕೆ ನೂರು ಇಟ್ಟೆ. ಕೆಳಗೆ ಒಂದು ಲೆದರ್ ಹವಳ ಇತ್ತು. ದಪ್ಪ ತೊಟ್ಟು, ಮೇಲೆ ಅಗಲವಾದ ಟೊಪ್ಪಿ, ಟೊಪ್ಪಿ ತುಂಬ ಸಣ್ಣ ಸಣ್ಣ ಬೆರಳು. ಎರಡನೇ ದಿನ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡಿತು. ನಾನು ಏನು ಅಂದುಕೊಂಡೆ ಗೊತ್ತಾ? ಬೆಳಕು ಸಾಲುತ್ತಿಲ್ಲ ಅಂತ! ಲೈಟನ್ನು ಇನ್ನೂ ನಾಲ್ಕು ಬೆರಳು ಕೆಳಗಿಳಿಸಿದೆ. ವಾರದೊಳಗೆ ಅದರ ಕಂದು ಬಣ್ಣ ಹೋಗಿ ಬೆಂದ ಮೊಟ್ಟೆಯ ಹಾಗೆ ಬೆಳ್ಳಗಾಯಿತು. ಎರಡನೇ ವಾರ ಬುಡದಿಂದ ಕರಗಿತು. ಆ ವಾಸನೆಯನ್ನು ನಮ್ಮ ಮನೆಯವರು ಇವತ್ತಿಗೂ ಎತ್ತಿ ಆಡುತ್ತಾರೆ.

ಆಮೇಲೆ ಹತ್ತಾರು ಜನರ ಟ್ಯಾಂಕ್ ನೋಡಿದ್ದೇನೆ. ಬೆಳಕು ಕಮ್ಮಿಯಾಗಿ ಹವಳ ಸತ್ತದ್ದನ್ನು ನೋಡಿದ್ದು ಒಂದೆರಡು ಸಲ. ಜಾಸ್ತಿಯಾಗಿ, ಇಲ್ಲವೇ ಇದ್ದಕ್ಕಿದ್ದಂತೆ ಬದಲಾಗಿ ಸತ್ತದ್ದು ಲೆಕ್ಕವಿಲ್ಲ. ಅಂದರೆ ನಾವು ದುಡ್ಡು ಕೊಟ್ಟು ಕೊಲ್ಲುತ್ತಿದ್ದೇವೆ.

ಯಾಕೆ ಹೀಗೆ? ಹವಳ ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇದೆ. ಝೂಝಾಂಥೆಲ್ಲೆ ಅಂತ ಅದರ ಹೆಸರು. ಪಾಚಿ ಬೆಳಕಿನಲ್ಲಿ ಸಕ್ಕರೆ ಮಾಡುತ್ತದೆ, ಅದರಲ್ಲಿ ದೊಡ್ಡ ಪಾಲು ಹವಳಕ್ಕೆ ಬಾಡಿಗೆ. ಕೆಲವು ಹವಳಗಳಿಗೆ ಬೇಕಾದ ಶಕ್ತಿಯಲ್ಲಿ ಶೇಕಡ 90ರವರೆಗೂ ಹೀಗೇ ಸಿಗುತ್ತದೆ. ಬೆಳಕು ವಿಪರೀತವಾದರೆ ಪಾಚಿಗೆ ಅಷ್ಟನ್ನೂ ಅರಗಿಸಿಕೊಳ್ಳಲು ಆಗುವುದಿಲ್ಲ. ಜೀವಕೋಶವನ್ನೇ ಸುಡುವಂಥ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಆಗ ಹವಳ ಏನು ಮಾಡುತ್ತದೆ? ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಬಣ್ಣ ಇದ್ದದ್ದೇ ಹೆಚ್ಚಿಗೆ ಪಾಚಿಯದು, ಅದಕ್ಕೆ ಬಿಳಿಚಿಕೊಳ್ಳುತ್ತದೆ. ಸಮುದ್ರ ಬಿಸಿಯಾದಾಗ ದೊಡ್ಡ ದೊಡ್ಡ ರೀಫ್‌ಗಳು, ಅಂದರೆ ಹವಳದ ದಿಬ್ಬಗಳು, ಬೆಳ್ಳಗಾಗುತ್ತವೆ ಅಂತ ಪೇಪರಿನಲ್ಲಿ ಓದುತ್ತೀರಲ್ಲ, ಅಲ್ಲಿ ಬಿಸಿ, ನನ್ನ ಮನೆಯಲ್ಲಿ ಲೈಟು. ಒಳಗೆ ನಡೆಯುವ ಜಗಳ ಒಂದೇ.

ಹಾಗಾದರೆ ಎಂಥ ಬೆಳಕು ಬೇಕು? ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋದವರು ಇದ್ದೀರಾ? ನಮ್ಮ ರಾಜ್ಯದಲ್ಲಿ ಹವಳ ನೋಡಲು ಹೆಚ್ಚಿನವರು ಹೋಗುವುದು ಅಲ್ಲಿಗೇ. ನಾನು ಒಂದು ಸಲ ಡೈವ್ ಮಾಡಿದಾಗ ಕೈಗೆ ಕೆಂಪು ಬೆಲ್ಟಿನ ವಾಚು ಕಟ್ಟಿದ್ದೆ. ಹತ್ತು ಮೀಟರ್ ಹತ್ತಿರ ಹೋದಾಗ ಟೈಮ್ ನೋಡೋಣ ಅಂತ ಕೈ ಎತ್ತಿದರೆ ಬೆಲ್ಟು ಬೂದಿ ಬಣ್ಣ. ಒಂದು ಕ್ಷಣ ಬೇರೆ ಯಾರದೋ ವಾಚು ಕಟ್ಟಿಕೊಂಡು ಬಂದೆನಾ ಅನ್ನಿಸಿತು. ನೀರು ಮೊದಲು ನುಂಗುವುದು ಕೆಂಪನ್ನು. ಆಮೇಲೆ ಕಿತ್ತಳೆ, ಹಳದಿ. ತಿಳಿನೀರಿನ ಸಮುದ್ರದಲ್ಲಿ ಆಳಕ್ಕೆ ಇಳಿಯುವುದು ನೀಲಿ. ಲಕ್ಷಾಂತರ ವರ್ಷ ಆ ನೀಲಿಯಲ್ಲೇ ಬದುಕಿದ ಪಾಚಿಗೆ ನೀಲಿಯೇ ಊಟ. 430ರಿಂದ 480 ನ್ಯಾನೋಮೀಟರ್ ತರಂಗಾಂತರದ ಬೆಳಕು ಅಂದರೆ ಅದಕ್ಕೆ ಅನ್ನ ಸಾರು.

ಇಲ್ಲೇ ನಮ್ಮ ಅದೃಷ್ಟ ಇರುವುದು. ಎಲ್‌ಇಡಿಗಳಲ್ಲಿ ಈಗ ಸಲೀಸಾಗಿ, ಅಗ್ಗವಾಗಿ ಸಿಗುವುದೇ ನೀಲಿ. ಒಂದು ಕಾಲದಲ್ಲಿ ಅದೇ ಆಗದ ಕೆಲಸವಾಗಿತ್ತು. ಅದನ್ನು ಸಾಧಿಸಿದ್ದಕ್ಕೆ ಅಕಾಸಾಕಿ, ಅಮಾನೋ, ನಕಾಮುರಾ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಿಮ್ಮ ಅಡುಗೆಮನೆಯ ಬಿಳಿ ಎಲ್‌ಇಡಿ ಬಲ್ಬು ಕೂಡ ಒಳಗಡೆ ನೀಲಿಯೇ, ಮೇಲೆ ಹಳದಿ ಪುಡಿ ಬಳಿದಿರುತ್ತಾರೆ ಅಷ್ಟೆ. ದುಬಾರಿ ಲೈಟಿನ ಒಳಗೂ 450 ನ್ಯಾನೋಮೀಟರಿನ ರಾಯಲ್ ಬ್ಲೂ ಬೀಡೇ, ಅಂದರೆ ಮಣಿಯಂಥ ಸಣ್ಣ ಎಲ್‌ಇಡಿಯೇ ಕೂತಿರುವುದು, ನನ್ನ ಮೂರು ಸಾವಿರದ ಲೈಟಿನಲ್ಲೂ ಅದೇ. ದುಡ್ಡು ಜಾಸ್ತಿ ಕೊಟ್ಟರೆ ಸಿಗುವುದು ಒಳ್ಳೆಯ ಮೈಕಟ್ಟು, ಆ್ಯಪು, ವಾರಂಟಿ, ಸದ್ದಿಲ್ಲದ ಫ್ಯಾನು. ಅವೂ ಬೇಕಾದವೇ, ನಾನು ಬೇಡ ಅನ್ನುವುದಿಲ್ಲ. ಆದರೆ ಹವಳಕ್ಕೆ ಆ್ಯಪು ಕಾಣುವುದಿಲ್ಲ.

ಇನ್ನು ಎಷ್ಟು ಬೆಳಕು ಅನ್ನುವ ಪ್ರಶ್ನೆ. ಇದನ್ನು ವ್ಯಾಟಿನಲ್ಲಿ ಅಳೆಯಬೇಡಿ. ಪಾರ್ ಅಂತ ಒಂದು ಅಳತೆ ಇದೆ. 400ರಿಂದ 700 ನ್ಯಾನೋಮೀಟರ್ ಒಳಗಿನ ಬೆಳಕಿನ ಕಣಗಳು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತವೆ ಅನ್ನುವ ಲೆಕ್ಕ. ಮೈಕ್ರೋಮೋಲ್ ಲೆಕ್ಕದಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ಸುಮಾರು 2000. ಮಶ್ರೂಮ್, ಝೋವಾ, ಲೆದರ್ ಥರದ ಮೆತ್ತನೆ ಹವಳಗಳಿಗೆ 50ರಿಂದ 120 ಇದ್ದರೆ ಹಬ್ಬ. ಕೊಂಬೆ ಕೊಂಬೆಯಾಗಿ ಬೆಳೆಯುವ ಕಲ್ಲು ಹವಳಗಳಿಗೆ 200ರಿಂದ 350 ಅನ್ನುತ್ತಾರೆ. ವಿಡಿಯೋಗಳಲ್ಲಿ ನೀವು ನೋಡುವ ಕಣ್ಣು ಕುಕ್ಕುವ ಲೈಟುಗಳೆಲ್ಲ ಈ ಎರಡನೆಯ ಗುಂಪಿಗೆ. ನಾವು ಸಾಕುವುದು ಮೊದಲನೆಯ ಗುಂಪು, ಕೊಳ್ಳುವುದು ಎರಡನೆಯ ಗುಂಪಿನ ಲೈಟು. ಇದೇ ತಮಾಷೆ.

ಪಾರ್ ಮೀಟರ್ ದುಬಾರಿ. ನಾಲ್ಕು ಜನ ಸೇರಿ ಒಂದು ಕೊಳ್ಳಿ, ಇಲ್ಲ ಇದ್ದವರಿಂದ ಒಂದು ಭಾನುವಾರಕ್ಕೆ ಕಡ ತನ್ನಿ. ಫೋನಿನ ಲಕ್ಸ್ ಆ್ಯಪ್ ನಂಬಬೇಡಿ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಲೆಕ್ಕ, ನಮ್ಮ ಕಣ್ಣಿಗೆ ಹಸಿರು-ಹಳದಿ ಚೆನ್ನಾಗಿ ಕಾಣುತ್ತದೆ, ನೀಲಿ ಮಂಕು. ನೀಲಿ ಲೈಟಿನ ಕೆಳಗೆ ಲಕ್ಸ್ ಕಮ್ಮಿ ತೋರಿಸುತ್ತದೆ, ನೀವು ಅಯ್ಯೋ ಸಾಲದು ಅಂತ ಜಾಸ್ತಿ ಮಾಡುತ್ತೀರಿ, ಆಮೇಲೆ ನನ್ನ ಲೆದರ್ ಹವಳದ ಗತಿಯೇ.

ಇಲ್ಲಿ ಕಾನೂನಿನ ಮಾತು ಹೇಳಲೇಬೇಕು. ಕಲ್ಲು ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಇವೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಲ್ಲಿವೆ. ಹುಲಿ ಇರುವ ಶೆಡ್ಯೂಲು ಅದು! ಬೀಚಿನಲ್ಲಿ ಬಿದ್ದಿದ್ದ ಸತ್ತ ಹವಳದ ತುಂಡನ್ನು ಟ್ಯಾಂಕಿಗೆ ಅಂತ ಚೀಲಕ್ಕೆ ಹಾಕಿಕೊಂಡರೂ ತಪ್ಪೇ. ಲೈವ್ ರಾಕ್, ಅಂದರೆ ಸಣ್ಣ ಜೀವಿಗಳು ನೆಲೆಸಿದ ಕಲ್ಲು, ಅಂತ ಮಾರುವುದರಲ್ಲಿ ಎಷ್ಟೋ ಸಲ ಇರುವುದು ಒಡೆದು ತಂದ ರೀಫ್. ಅದು ಬೇಡ. ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ಮಾಡಿದ ಕಲ್ಲು ಸಾಕು, ಐದಾರು ತಿಂಗಳಲ್ಲಿ ಬಣ್ಣ ಹಿಡಿದು ಗುರುತೇ ಸಿಗುವುದಿಲ್ಲ. ಕ್ಲೌನ್ ಮೀನು ತಗೊಂಡರೂ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ. ಕೇರಳದ ವಿಳಿಂಜಮ್‌ನಲ್ಲಿರುವ ಸಿಎಂಎಫ್‌ಆರ್‌ಐ (ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಕೇಂದ್ರದವರು ಎಷ್ಟೋ ವರ್ಷದ ಹಿಂದೆಯೇ ಇವುಗಳ ಮರಿ ಮಾಡಿಸಿ ತೋರಿಸಿದ್ದಾರೆ. ಹವಳ ಬೇಕು ಅಂದರೆ ಮಶ್ರೂಮ್, ಝೋವಾ, ಲೆದರ್. ಯಾರದೋ ಟ್ಯಾಂಕಿನಲ್ಲಿ ಬೆಳೆದ ತುಂಡನ್ನೇ ತಗೊಳ್ಳಿ, ಎಲ್ಲಿಂದ ಬಂತು ಅಂತ ಕೇಳಿ, ಅಂಗಡಿಯದಾದರೆ ಬಿಲ್ಲು ಇಟ್ಟುಕೊಳ್ಳಿ. ಇದರಿಂದ ಲೈಟಿನ ತಲೆನೋವೂ ಮುಗಿಯಿತು ನೋಡಿ, ಕಮ್ಮಿ ಬೆಳಕು ಸಾಕು ಅನ್ನುವ ಹವಳಗಳೂ ಇವೇ.

ಈಗ ಲೈಟು ಮಾಡುವ ಕೆಲಸ. 3 ವ್ಯಾಟಿನ ಬೀಡು 16. ಹನ್ನೆರಡು ರಾಯಲ್ ಬ್ಲೂ, ನಾಲ್ಕು ಕೂಲ್ ವೈಟ್. ಒಂದೊಂದಕ್ಕೂ ನಕ್ಷತ್ರದಂಥ ಸಣ್ಣ ಅಲ್ಯೂಮಿನಿಯಂ ಬಿಲ್ಲೆ ಇರುತ್ತದೆ. ಅರ್ಧ ಮೀಟರ್ ಉದ್ದದ, ರೆಕ್ಕೆ ರೆಕ್ಕೆ ಇರುವ, ಕಾವು ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಒಂದು. ಎಸ್‌.ಪಿ. ರೋಡಿನಲ್ಲಿ ಹಳೇದನ್ನು ತೂಕಕ್ಕೆ ಕೊಡುವವರಿದ್ದಾರೆ, ಗುಜರಿ ಅಂತ ಮೂಗು ಮುರಿಯಬೇಡಿ. ಬೀಡಿಗೆ ಬೇಕಾದಷ್ಟೇ ಕರೆಂಟ್ ಕೊಡುವ 600 ಮಿಲಿ ಆಂಪಿಯರಿನ ಡ್ರೈವರ್ ಎರಡು, ನೀಲಿಗೆ ಒಂದು, ಬಿಳಿಗೆ ಒಂದು. ನೀಲಿಯ ಒಂದು ಬೀಡಿಗೆ ಸುಮಾರು 3.3 ವೋಲ್ಟ್. ಹನ್ನೆರಡನ್ನು ಸಾಲಾಗಿ ಜೋಡಿಸಿದರೆ ನಲವತ್ತರ ಹತ್ತಿರ. ಡ್ರೈವರ್ ಮೇಲೆ 8–12 ಅಂತ, ಅಂದರೆ ಎಂಟರಿಂದ ಹನ್ನೆರಡು ಬೀಡಿಗೆ ಅಂತ, ಬರೆದದ್ದನ್ನು ತಗೊಳ್ಳಿ. ಬಿಳಿಗೆ 4–7.

ಬೆಸುಗೆ ಹಾಕುವಾಗ ನಾನು ಮೊದಲ ಸಲ ಬೀಡನ್ನು ಹೀಟ್‌ಸಿಂಕಿಗೆ ಅಂಟಿಸಿ ಆಮೇಲೆ ವೈರ್ ಹಿಡಿದೆ. ಸೀಸ ಕರಗಲೇ ಇಲ್ಲ. ಕಾವನ್ನೆಲ್ಲ ಅಲ್ಯೂಮಿನಿಯಂ ಕುಡಿದುಬಿಡುತ್ತದೆ, ಅದರ ಕೆಲಸವೇ ಅದು ಅಲ್ವಾ! ಬೀಡಿನ ಎರಡೂ ಕಿವಿಗೆ ಮೊದಲೇ ಸೀಸ ಮೆತ್ತಿಕೊಳ್ಳಿ. ಬಿಲ್ಲೆಯ ಕೆಳಗೆ ಥರ್ಮಲ್ ಪೇಸ್ಟ್ ತೆಳ್ಳಗೆ, ಚಪಾತಿಗೆ ತುಪ್ಪ ಸವರಿದಷ್ಟು. ಜಾಸ್ತಿ ಹಾಕಿದರೆ ಉಲ್ಟಾ, ಕಾವು ದಾಟುವುದಿಲ್ಲ. ಎಲ್ಲ ಮುಗಿದ ಮೇಲೆ ಮಲ್ಟಿಮೀಟರಿನ ಒಂದು ಮುಳ್ಳು ಬೀಡಿನ ಕಿವಿಗೆ, ಇನ್ನೊಂದು ಹೀಟ್‌ಸಿಂಕಿಗೆ. ಬೀಪ್ ಬಂದರೆ ಎಲ್ಲೋ ತಗುಲಿದೆ, ಬಿಚ್ಚಿ ನೋಡಿ. ಬೀಪ್ ಬರದೆ ಕರೆಂಟ್ ಕೊಡಬೇಡಿ. ಅಯ್ಯೋ, ತಪ್ಪು ಹೇಳಿದೆ. ಬೀಪ್ ಬಂದರೆ ಕೊಡಬೇಡಿ. ನಗಬೇಡಿ, ಇದನ್ನು ಬರೆದುಕೊಳ್ಳಿ.

ಉಪ್ಪು ನೀರು, 230 ವೋಲ್ಟು ಎರಡೂ ಒಂದೇ ಕಡೆ ಇರುವ ಹವ್ಯಾಸ ಇದು, ಅದಕ್ಕೆ ಇಲ್ಲಿ ಜುಗ್ಗತನ ಬೇಡ. ಐಸೊಲೇಟೆಡ್ ಡ್ರೈವರನ್ನೇ, ಅಂದರೆ ಮನೆಯ ಕರೆಂಟಿಗೂ ಬೀಡಿಗೂ ನೇರ ಸಂಪರ್ಕ ಇಲ್ಲದ್ದನ್ನೇ, ಕೇಳಿ ತಗೊಳ್ಳಿ. ಹೀಟ್‌ಸಿಂಕಿಗೆ ಅರ್ಥಿಂಗ್ ಕೊಡಿ. ಟ್ಯಾಂಕಿನ ಲೈನಿಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ವೈರು ಪ್ಲಗ್ಗಿಗೆ ಹೋಗುವ ಮುಂಚೆ ಒಂದು ಸಲ ಕೆಳಗೆ ಜೋತು ಬಿದ್ದು ಮೇಲೇರಬೇಕು. ಹನಿ ಇಳಿದರೆ ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗಲ್ಲ. ವಿದ್ಯುತ್ ಕೆಲಸ ಗೊತ್ತಿಲ್ಲದಿದ್ದರೆ ನಾಚಿಕೆಪಡದೆ ಎಲೆಕ್ಟ್ರಿಷಿಯನ್ ಕರೆಯಿರಿ. ಆ ಐನೂರು ರೂಪಾಯಿ ಸೇರಿಸಿದರೂ ಅಗ್ಗವೇ.

ಅಗ್ಗದ ಡ್ರೈವರಿನಲ್ಲಿ ಬೆಳಕು ಕಮ್ಮಿ ಜಾಸ್ತಿ ಮಾಡುವ ಗುಂಡಿ ಇರುವುದಿಲ್ಲ. ನಾನು ಅದಕ್ಕೆ ಲೈಟನ್ನು ಎರಡು ಸರಪಳಿಯಲ್ಲಿ ನೇತುಹಾಕಿದ್ದೇನೆ. ಮೊದಲು ನೀರಿನಿಂದ ಒಂದೂವರೆ ಅಡಿ ಮೇಲೆ. ವಾರಕ್ಕೆ ಒಂದೇ ಕೊಂಡಿ ಕೆಳಗೆ. ಶನಿವಾರ ಸಂಜೆ, ಒಂದು ಕೊಂಡಿ. ಅಷ್ಟು ಎತ್ತರದಲ್ಲಿ ನೇತುಹಾಕಲು ಜಾಗ ಇಲ್ಲದವರು ಹಳೇ ಸೊಳ್ಳೆ ಪರದೆಯನ್ನು ನಾಲ್ಕು ಪದರ ಮಡಚಿ ಟ್ಯಾಂಕಿನ ಬಾಯಿಗೆ ಹಾಕಿ, ವಾರಕ್ಕೊಂದು ಪದರ ತೆಗೆಯಿರಿ. ನಾನು ನಿಲ್ಲಿಸಿದ್ದು ಇಪ್ಪತ್ತು ಸೆಂಟಿಮೀಟರ್ ಎತ್ತರದಲ್ಲಿ. ಕಡ ತಂದ ಮೀಟರ್ ಇಟ್ಟು ನೋಡಿದಾಗ ಮರಳಿನ ಮೇಲೆ 60, ಕಲ್ಲಿನ ನಡುವೆ 110, ತುದಿಯಲ್ಲಿ 180. ಕೆಳಗೆ ಮಶ್ರೂಮ್, ನಡುವೆ ಝೋವಾ, ತುದಿಯ ಪಕ್ಕದಲ್ಲಿ ಲೆದರ್. ಮುಗಿಯಿತು, ಆಮೇಲೆ ಸರಪಳಿ ಮುಟ್ಟಿಲ್ಲ.

ಮೀಟರ್ ಸಿಗದಿದ್ದರೆ ಹವಳವನ್ನೇ ಕೇಳಿ, ಅದು ಹೇಳುತ್ತದೆ. ಝೋವಾ ಕತ್ತು ಉದ್ದ ಮಾಡಿ ಮೇಲಕ್ಕೆ ಚಾಚುತ್ತಿದ್ದರೆ ಬೆಳಕು ಸಾಲದು. ಕುಳ್ಳಗೆ ಕಲ್ಲಿಗೆ ಕಚ್ಚಿಕೊಂಡು, ಅರ್ಧ ಮುಚ್ಚಿಕೊಂಡಿದ್ದರೆ ಜಾಸ್ತಿಯಾಗಿದೆ. ಮಶ್ರೂಮ್ ತಟ್ಟೆಯ ಹಾಗೆ ಅಗಲವಾಗಿದ್ದರೆ ಖುಷಿಯಾಗಿದೆ, ಅಂಚು ಒಳಗೆ ಮಡಚಿ ಬಟನ್ ಥರ ಆದರೆ ನೆರಳಿಗೆ ಸರಿಸಿ. ಇವತ್ತು ಸರಿಸಿ ನಾಳೆ ಮತ್ತೆ ಸರಿಸಬೇಡಿ. ಎರಡು ವಾರ ಕಾಯಿರಿ. ನಮಗೆ ಆಗದ್ದೇ ಅದು.

ಟೈಮರ್ ಕಡ್ಡಾಯ. ನನ್ನಲ್ಲಿ ನೀಲಿ ಬೆಳಿಗ್ಗೆ ಹನ್ನೊಂದರಿಂದ ರಾತ್ರಿ ಎಂಟರವರೆಗೆ ಒಂಬತ್ತು ಗಂಟೆ, ಬಿಳಿ ಅದರ ನಡುವೆ ಐದು ಗಂಟೆ. ಎಲ್ಲ ಸೇರಿ ಗೋಡೆಯಿಂದ ನಲವತ್ತು ವ್ಯಾಟಿನ ಒಳಗೆ ಎಳೆಯುತ್ತದೆ, ತಿಂಗಳಿಗೆ ಹನ್ನೊಂದು ಯೂನಿಟ್ ಕೂಡ ದಾಟುವುದಿಲ್ಲ. ಹಿಂದೆ 250 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪ ಎಂಟು ಗಂಟೆ ಉರಿಸುತ್ತಿದ್ದವರಿಗೆ ಅದೊಂದಕ್ಕೇ 60 ಯೂನಿಟ್ ಆಗುತ್ತಿತ್ತು, ಅದರ ಕಾವಿಗೆ ನೀರು ತಣಿಸುವ ಚಿಲ್ಲರ್ ಬೇರೆ.

ಅತಿ ಅಗ್ಗದ ಬೆಳಕು ಯಾವುದು ಅಂತ ಯಾರೂ ಕೇಳಲಿಲ್ಲ. ಬಿಸಿಲು! ಇಂಡೋನೇಷ್ಯಾದ ಲೀ ಚಿನ್ ಎಂಗ್ ಅನ್ನುವವರು 1961ರಲ್ಲಿ ತಮ್ಮ ಪದ್ಧತಿ ಬರೆದು ತಿಳಿಸಿದರು. ಜೀವಂತ ಕಲ್ಲು, ಸಮುದ್ರದ ನೀರು, ಸಣ್ಣಗೆ ಗಾಳಿಯ ಗುಳ್ಳೆ, ಮೇಲೆ ಬಿಸಿಲು. ಫಿಲ್ಟರೇ ಇಲ್ಲ. ಸಮುದ್ರ ಪಕ್ಕದಲ್ಲೇ ಇದ್ದವರಿಗೆ ಅದು ಸರಿ. ನಮಗೆ ಬೆಳಗಿನ ಪೂರ್ವದ ಕಿಟಕಿ ಒಂದೆರಡು ಗಂಟೆ ಆದೀತು. ಏಪ್ರಿಲ್ ಬಿಸಿಲಿಗೆ ಬಾಲ್ಕನಿಯಲ್ಲಿಟ್ಟರೆ ಮೀನಿನ ಸಾರೇ.

ಬಣ್ಣದ ಬಗ್ಗೆ ಒಂದು ಸಣ್ಣ ಮಾತು, ವಿಷಯ ಬಿಟ್ಟು ಹೋಗುತ್ತಿದ್ದೇನೆ, ಇರಲಿ. ರಾತ್ರಿ ಬರೀ ನೀಲಿ ಉರಿಯುವಾಗ ಹವಳಗಳು ಹಸಿರು, ಕಿತ್ತಳೆ ಆಗಿ ಹೊಳೆಯುತ್ತವಲ್ಲ, ಅದು ಲೈಟಿನ ಬಣ್ಣ ಅಲ್ಲ. ಹವಳದ ಮೈಯಲ್ಲಿರುವ ಪ್ರೋಟೀನು ನೀಲಿಯನ್ನು ನುಂಗಿ ಬೇರೆ ಬಣ್ಣ ಉಗುಳುತ್ತದೆ. ಜೆಲ್ಲಿ ಮೀನಿನ ಹಸಿರು ಪ್ರೋಟೀನಿಗೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಅದರ ಕೆಂಪು ತಮ್ಮ 1999ರಲ್ಲಿ ರಷ್ಯಾದ ವಿಜ್ಞಾನಿಗಳಿಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಡಿಸ್ಕೋಸೋಮಾದಲ್ಲಿ. ನಮ್ಮ ನಿಮ್ಮ ಟ್ಯಾಂಕಿನ ಅದೇ ಸಾದಾ ಮಶ್ರೂಮ್. ಈಗ ಪ್ರಪಂಚದ ಲ್ಯಾಬುಗಳಲ್ಲಿ ಜೀವಕೋಶಗಳಿಗೆ ಕೆಂಪು ಗುರುತು ಹಾಕುತ್ತಿರುವುದು ಅದರ ಸಂತತಿ.

ಝೋವಾ ಅಂದ ಮೇಲೆ ಒಂದು ಎಚ್ಚರಿಕೆ. ಅವುಗಳಲ್ಲಿ ಕೆಲವಕ್ಕೆ, ಅದರಲ್ಲೂ ಪಾಲಿಥೋವಾಗಳಿಗೆ, ಪಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರುತ್ತದೆ. ಕೈಯಲ್ಲಿ ಗಾಯ ಇದ್ದಾಗ ಮುಟ್ಟಬೇಡಿ. ಕತ್ತರಿಸುವಾಗ ಗ್ಲೌಸು, ಕನ್ನಡಕ. ಕಲ್ಲು ಚೊಕ್ಕ ಮಾಡೋಣ ಅಂತ ಅಡುಗೆಮನೆಯಲ್ಲಿ ಕುದಿಸಲೇಬೇಡಿ. ಹಾಗೆ ಕುದಿಸಿ, ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ಆಗಿವೆ.

ನೀರಿನ ವಿಷಯ ಬೇಗ ಮುಗಿಸುತ್ತೇನೆ, ಆದರೆ ಲೈಟಿನಲ್ಲಿ ಉಳಿಸಿದ ದುಡ್ಡು ಹೋಗಬೇಕಾದದ್ದು ಇಲ್ಲಿಗೆ. ಬೋರ್‌ವೆಲ್ ನೀರು ಬೇಡ. ಮನೆಯ ಕುಡಿಯುವ ಆರ್‌ಒ ಇದೆಯಲ್ಲ ಅಂತೀರಿ. ರುಚಿಗಾಗಿ ಅದು ಸ್ವಲ್ಪ ಶುದ್ಧವಾಗದ ನೀರನ್ನೇ ವಾಪಸ್ ಬೆರೆಸುತ್ತದೆ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 60, 70 ತೋರಿಸುತ್ತದೆ. ಆ ಬೆರಕೆಯ ತಿರುಪನ್ನು ಮುಚ್ಚಿಸಿ, ಕೊನೆಗೆ ಉಳಿದ ಲವಣ ಹಿಡಿಯುವ ಒಂದು ಡಿಐ ರೆಸಿನ್ ಡಬ್ಬಿ ಸೇರಿಸಿ, ಸೊನ್ನೆ ಬರಬೇಕು. ಉಪ್ಪು ಸಾವಿರಕ್ಕೆ 35, ಅಂದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026. ಅದನ್ನು ಅಳೆಯಲು ರಿಫ್ರ್ಯಾಕ್ಟೋಮೀಟರ್ ಒಂದು ಇರಲಿ. ಹೊಸ ಟ್ಯಾಂಕಿಗೆ ಒಂದೂವರೆ ತಿಂಗಳು ಮೀನು, ಹವಳ ಹಾಕದೆ ಬಿಡಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲಿ. ಆಮೇಲೆ ವಾರಕ್ಕೆ ಹತ್ತರಲ್ಲೊಂದು ಭಾಗ ನೀರು ಬದಲಿಸಿದರೆ ಮೆತ್ತನೆ ಹವಳಗಳಿಗೆ ಬೇರೆ ಔಷಧಿ ಬೇಕಿಲ್ಲ. ಪಾಚಿ ಹಬ್ಬಿತು ಅಂತ ಲೈಟನ್ನು ಬೈಯುವವರು ಮೀನಿಗೆ ದಿನಕ್ಕೆ ಎಷ್ಟು ಸಲ ತಿನ್ನಿಸುತ್ತಿದ್ದೀರಿ ಲೆಕ್ಕ ಹಾಕಿ. ಬೇಸಿಗೆಯಲ್ಲಿ ಒಂದು ಕಂಪ್ಯೂಟರ್ ಫ್ಯಾನು ನೀರಿನ ಮೇಲೆ ಬೀಸುವಂತೆ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆರುವುದು ಬರೀ ನೀರು, ಉಪ್ಪಲ್ಲ. ಅದಕ್ಕೆ ಆರಿದ್ದನ್ನು ತುಂಬಿಸುವುದು ಸಿಹಿನೀರಿನಿಂದ, ದಿನವೂ. ಹಾಗೇ ಲೈಟಿನ ಲೆನ್ಸಿನ ಮೇಲೆ ಉಪ್ಪು ಕೂರುತ್ತದೆ, ವಾರಕ್ಕೊಮ್ಮೆ ಆಫ್ ಮಾಡಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ, ಕರೆಂಟ್ ಹೋದರೆ ಏನು ಗತಿ ಅಂತ. ಒಳ್ಳೆಯ ಪ್ರಶ್ನೆ. ಲೈಟಿನ ಬಗ್ಗೆ ಚಿಂತೆಯೇ ಬೇಡ. ಪಾಚಿ ಕಾಟ ಜಾಸ್ತಿಯಾದಾಗ ಬೇಕಂತಲೇ ಮೂರು ದಿನ ಟ್ಯಾಂಕು ಕತ್ತಲೆ ಮಾಡುವವರಿದ್ದಾರೆ, ಹವಳ ತಡೆದುಕೊಳ್ಳುತ್ತದೆ. ಯುಪಿಎಸ್‌ಗೆ ಲೈಟು ಜೋಡಿಸಬೇಡಿ, ನೀರು ಅಲುಗಾಡಿಸುವ ವೇವ್‌ಮೇಕರ್ ಜೋಡಿಸಿ. ನೀರು ಅಲುಗಾಡದಿದ್ದರೆ ಗಾಳಿ ಸಾಲದೆ ಮೀನು ಸಾಯುತ್ತದೆ. ಯುಪಿಎಸ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯಲ್ಲಿ ಮರ ಬಿದ್ದು ಹನ್ನೊಂದು ಗಂಟೆ ಕರೆಂಟ್ ಇರಲಿಲ್ಲ. ರಾತ್ರಿಯೆಲ್ಲ ಆ ಏರ್ ಪಂಪು ಗುರ್ ಅನ್ನುತ್ತಿತ್ತು, ನಿದ್ದೆ ಬರಲಿಲ್ಲ, ಮೀನಿಗೆ ಏನೂ ಆಗಲಿಲ್ಲ. ಕರೆಂಟ್ ಬಂದ ರಭಸಕ್ಕೆ ನೀಲಿ ಡ್ರೈವರ್ ಮಾತ್ರ ಸುಟ್ಟುಹೋಯಿತು. ಅವತ್ತು ಶನಿವಾರ ರಾತ್ರಿ, ಮರುದಿನ ಅಂಗಡಿ ರಜೆ. ಭಾನುವಾರ ಪೂರ್ತಿ ನಾಲ್ಕು ಬಿಳಿ ಬೀಡಿನಲ್ಲೇ ಕಳೆಯಿತು. ಝೋವಾಗಳು ಎಂದಿನಂತೆ ತೆರೆದುಕೊಂಡೇ ಇದ್ದವು. ಸೋಮವಾರ ಹೋಗಿ ಡ್ರೈವರ್ ತಂದೆ, 250 ರೂಪಾಯಿ. ಈ ಸಲ ಎರಡು ತಂದಿದ್ದೇನೆ, ಒಂದು ಸ್ಪೇರ್‌ಗೆ.